ನಿಶ್ಶಬ್ದಕ್ಕೆ ಐದು ಸಾವಿರವೋ, ಮೂವತ್ತು ಸಾವಿರವೋ: ದಾವಣಗೆರೆಯ ಸದ್ದುಗದ್ದಲದಲ್ಲಿ ಮೂರು ಹೆಡ್‌ಫೋನ್‌ಗಳ ಹೋಲಿಕೆ

ಐದು ಸಾವಿರ ರೂಪಾಯಿಯ ಹೆಡ್‌ಫೋನ್ ಪೆಟ್ಟಿಗೆಯ ಮೇಲೂ ಮೂವತ್ತು ಸಾವಿರದ ಪೆಟ್ಟಿಗೆಯ ಮೇಲೂ ಈಗ ಅಚ್ಚಾಗಿರುವ ಭರವಸೆ ಹೆಚ್ಚುಕಡಿಮೆ ಒಂದೇ: ಇದನ್ನು ಹಾಕಿಕೊಂಡರೆ ಹೊರಗಿನ ಗದ್ದಲ ಕಿವಿಗೆ ತಾಕುವುದಿಲ್ಲ. ಬೆಲೆಯಲ್ಲಿ ಇಷ್ಟೊಂದು ಅಂತರವಿರುವ ವಸ್ತುಗಳು ಒಂದೇ ಮಾತು ಕೊಡುತ್ತಿರುವಾಗ, ಹೆಚ್ಚಿಗೆ ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೊಳ್ಳುವವರು ಕೇಳಿಕೊಳ್ಳಲೇಬೇಕು. ದಾವಣಗೆರೆಯ ಮನೆಯಲ್ಲಿ ಕುಳಿತೇ ಕಚೇರಿ ಕೆಲಸ ಮಾಡುವ ನನಗೆ ದಿನದ ಬಹುಪಾಲು ಹೆಡ್‌ಫೋನ್ ಕಿವಿಯ ಮೇಲಿರುವುದರಿಂದ, ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಅಗತ್ಯವಾಗಿತ್ತು. ಅದಕ್ಕಾಗಿ ಮೂರನ್ನು ಆರಿಸಿಕೊಂಡು ಇದೇ ಊರಿನ ಸದ್ದುಗಳ ನಡುವೆ ಹೋಲಿಸಿ ನೋಡಿದ್ದೇನೆ. ಮೊದಲನೆಯದು ಐದು ಸಾವಿರದ ಆಸುಪಾಸಿನಲ್ಲಿ ದೊರೆಯುವ ಸೌಂಡ್‌ಕೋರ್ ಕ್ಯೂ20ಐ. ಎರಡನೆಯದು ಹತ್ತು ಸಾವಿರದ ಸುತ್ತಮುತ್ತ ಮಾರಾಟವಾಗುವ, 2023ರಲ್ಲಿ ಬಂದ ಸೋನಿ ಡಬ್ಲ್ಯುಎಚ್-ಸಿಎಚ್720ಎನ್. ಮೂರನೆಯದು 2022ರಲ್ಲಿ ಬಂದ, 34,990 ರೂಪಾಯಿ ಮುದ್ರಿತ ಬೆಲೆಯ ಸೋನಿ ಡಬ್ಲ್ಯುಎಚ್-1000ಎಕ್ಸ್ಎಂ5. ಹಬ್ಬದ ರಿಯಾಯಿತಿಯಲ್ಲಿ ಇದರ ಬೆಲೆ ಸಾಕಷ್ಟು ಇಳಿಯುವುದುಂಟು. ಇದರ ಮುಂದಿನ ಮಾದರಿ 2025ರಲ್ಲಿ ಬಂದಿದ್ದರೂ ಈ ದರ್ಜೆಯ ಹೆಡ್‌ಫೋನ್ ಹೇಗಿರುತ್ತದೆಂದು ತಿಳಿಯಲು ಎಕ್ಸ್ಎಂ5 ಸಾಕು.

ಹೊರಗಿನ ಸದ್ದನ್ನು ತಗ್ಗಿಸುವ ಈ ತಂತ್ರ (ನಾಯ್ಸ್ ಕ್ಯಾನ್ಸಲೇಶನ್) ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳದೆ ಬೆಲೆಯನ್ನು ಅಳೆಯಲಾಗದು. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಒಂದು ಅಲೆ ಏರುವ ಹೊತ್ತಿಗೆ ಸರಿಯಾಗಿ ಇಳಿಯುವ ಇನ್ನೊಂದು ಅಲೆಯನ್ನು ಎದುರಿಟ್ಟರೆ ಎರಡೂ ಸೇರಿ ಅಡಗುತ್ತವೆ. ಜರ್ಮನಿಯ ಪೌಲ್ ಲೂಗ್ ಎಂಬ ವಿಜ್ಞಾನಿಗೆ 1936ರಲ್ಲೇ ಈ ವಿಚಾರಕ್ಕಾಗಿ ಅಮೆರಿಕದ ಪೇಟೆಂಟ್ ದೊರೆತಿತ್ತು. ಅದು ಕಿವಿಯ ಮೇಲೆ ಬರಲು ದಶಕಗಳೇ ಹಿಡಿದವು. ಬಂಗಾಳಿ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್ 1978ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಎಂಜಿನ್ ಸದ್ದಿನಿಂದ ಸಂಗೀತ ಕೇಳಲಾಗದೆ ಬೇಸತ್ತು ಇದರ ಲೆಕ್ಕಾಚಾರಕ್ಕೆ ತೊಡಗಿದರು. ಅವರ ಕಂಪನಿಯಿಂದ ಪೈಲಟ್‌ಗಳಿಗಾಗಿ ಇಂಥ ಹೆಡ್‌ಸೆಟ್ ಬಂದದ್ದು 1989ರಲ್ಲಿ. ಇಂದಿನ ಹೆಡ್‌ಫೋನ್‌ಗಳಲ್ಲಿ ಹೊರಗೊಂದು, ಕಿವಿಯ ಬಟ್ಟಲಿನೊಳಗೊಂದು ಮೈಕ್ ಕುಳಿತು ಸದ್ದನ್ನು ಆಲಿಸುತ್ತವೆ, ಒಳಗಿರುವ ಚಿಪ್ ಅದರ ಎದುರಲೆಯನ್ನು ಕ್ಷಣಾರ್ಧದಲ್ಲಿ ತಯಾರಿಸಿ ಸ್ಪೀಕರ್ ಮೂಲಕ ಬಿಡುತ್ತದೆ.

ಮಿತಿ ಇರುವುದೂ ಇಲ್ಲಿಯೇ. 100 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ ನೂರು ಬಾರಿ ಕಂಪಿಸುವ, ತಗ್ಗು ಗುಂಯ್ಗುಡುವಿಕೆಯ ಅಲೆಯ ಉದ್ದ ಸುಮಾರು 3.4 ಮೀಟರ್, ಅಂಥ ಅಲೆಗೆ ಎದುರಲೆಯನ್ನು ಹೊಂದಿಸುವುದು ಸುಲಭ. 4,000 ಹರ್ಟ್ಜ್‌ನ ಕೀರಲು ಸದ್ದಿನ ಅಲೆ ಒಂಬತ್ತು ಸೆಂಟಿಮೀಟರ್ ಕೂಡ ಇರುವುದಿಲ್ಲ. ಚಿಪ್ ಕೂದಲೆಳೆಯಷ್ಟು ತಡ ಮಾಡಿದರೂ ಹೊಂದಾಣಿಕೆ ತಪ್ಪಿಹೋಗುತ್ತದೆ. ಹೀಗಾಗಿ ಸುಮಾರು ಒಂದು ಸಾವಿರ ಹರ್ಟ್ಜ್‌ನ ಕೆಳಗಿನ, ಒಂದೇ ಸಮನೆ ಸಾಗುವ ಸದ್ದುಗಳನ್ನು ಎಲೆಕ್ಟ್ರಾನಿಕ್ಸ್ ನಿಭಾಯಿಸುತ್ತದೆ. ಅದಕ್ಕಿಂತ ಮೇಲಿನದನ್ನು ತಡೆಯಬೇಕಾದದ್ದು ಕಿವಿಯನ್ನು ಸುತ್ತುವ ಮೆತ್ತೆ. ಫ್ಯಾನ್, ಏರ್ ಕೂಲರ್, ಬಸ್ಸಿನ ಎಂಜಿನ್, ಅಂಗಡಿ ಮುಂದಿನ ಜನರೇಟರ್ ಮೊದಲ ಗುಂಪಿಗೆ ಸೇರುತ್ತವೆ. ಕುಕ್ಕರ್ ಸೀಟಿ, ಆಟೋ ಹಾರ್ನ್, ಪಾತ್ರೆ ಬಿದ್ದ ಸದ್ದು, ಕಂಡಕ್ಟರ್ ವಿಸಿಲ್ ಎರಡನೆಯದಕ್ಕೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ಪರೀಕ್ಷಿಸಲು ಪ್ರಯೋಗಾಲಯವೇ ಬೇಕಿಲ್ಲ. ಬೇಸಿಗೆಯಲ್ಲಿ ಯಾವ ಬಡಾವಣೆಯಲ್ಲಾದರೂ ಒಂದು ಬೋರ್‌ವೆಲ್ ಲಾರಿ ನಿಂತಿರುತ್ತದೆ. ನಮ್ಮ ಹಿಂದಿನ ಬೀದಿಯಲ್ಲಿ ಬೋರ್ ಕೊರೆಯುತ್ತಿದ್ದಾಗ ಕಿಟಕಿ ತೆರೆದಿಟ್ಟು ಮೂರನ್ನೂ ಒಂದಾದ ಮೇಲೊಂದರಂತೆ ಹಾಕಿ ನೋಡಿದೆ. ಕಂಪ್ರೆಸರ್ ಲಾರಿಯ ಎಂಜಿನ್ ಎದೆಗೂಡು ನಡುಗುವಂತೆ ಒಂದೇ ಸಮನೆ ಮೊರೆಯುತ್ತಿತ್ತು. ಅದರ ಮೇಲೆ ಕಲ್ಲಿಗೆ ಬಡಿಯುವ ಹ್ಯಾಮರ್‌ನ ಕಟಕಟ ಸದ್ದು. ರಾಡ್ ಜೋಡಿಸುವಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಠಣತ್ಕಾರ. ಕ್ಯೂ20ಐ ಹಾಕಿ ಗುಂಡಿ ಒತ್ತಿದ ಕೂಡಲೇ ಎಂಜಿನ್ನಿನ ಮೊರೆತ ಅರ್ಧಕ್ಕಿಂತ ಹೆಚ್ಚು ಇಳಿಯಿತು, ಹ್ಯಾಮರ್ ಮಾತ್ರ ಮೊದಲಿಗಿಂತ ಸ್ಪಷ್ಟವಾಗಿ ಕೇಳತೊಡಗಿತು, ಏಕೆಂದರೆ ಅದನ್ನು ಮುಚ್ಚಿಟ್ಟಿದ್ದ ಎಂಜಿನ್ ಸದ್ದು ಸರಿದಿತ್ತು. 720ಎನ್‌ನಲ್ಲಿ ಮೊರೆತ ಇನ್ನಷ್ಟು ಕುಗ್ಗಿ, ಹ್ಯಾಮರ್‌ನ ಏಟು ಮೊಂಡಾಯಿತು. ಎಕ್ಸ್ಎಂ5ನಲ್ಲಿ ಎಂಜಿನ್ ಇದೆಯೆಂಬುದೇ ಮರೆತುಹೋಗುವಷ್ಟು ತಗ್ಗಿ, ಹ್ಯಾಮರ್ ನಾಲ್ಕು ಮನೆ ಆಚೆ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿರುವಷ್ಟು ದೂರ ಹೋಯಿತು. ರಾಡ್‌ಗಳ ಠಣತ್ಕಾರ ಅದರಲ್ಲೂ ಉಳಿಯಿತು. ಎಂಜಿನ್ನಿನ ಮಟ್ಟಿಗೆ ಐದು ಸಾವಿರದ್ದಕ್ಕೂ ಹತ್ತು ಸಾವಿರದ್ದಕ್ಕೂ ಇರುವ ಅಂತರ ಸಣ್ಣದು. ಹ್ಯಾಮರ್‌ನ ಮಟ್ಟಿಗೆ ಎಕ್ಸ್ಎಂ5 ಉಳಿದೆರಡರಿಂದ ಬಹಳ ಮುಂದಿದೆ. ಮುಂದಿನ ಎಲ್ಲ ಹೋಲಿಕೆಯಲ್ಲೂ ನನಗೆ ಕಂಡದ್ದು ಇದೇ ಮಾದರಿ: ತಗ್ಗು ಸದ್ದನ್ನು ಅಗ್ಗದವೂ ಹಿಡಿಯುತ್ತವೆ, ದುಬಾರಿ ಹೆಡ್‌ಫೋನ್ ಬೆಲೆ ಕೇಳುವುದು ನಡುವಿನ ಸದ್ದುಗಳಿಗಾಗಿ.

ಅಂಗಡಿಗಳಲ್ಲಿ ಈ ವಿಚಾರವನ್ನು ಸದ್ದಿನ ಮಟ್ಟ ಅಳೆಯುವ ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ ಹೇಳಿಬಿಡುತ್ತಾರೆ. ಮಂಡಿಪೇಟೆಯ ಬಳಿಯ ಅಂಗಡಿಯೊಂದರಲ್ಲಿ ಹುಡುಗನೊಬ್ಬ, "ಸರ್, ಇದು ನಲವತ್ತೈದು ಡಿಬಿ, ಅದು ಐವತ್ತು ಡಿಬಿ, ಐವತ್ತರದ್ದೇ ತಗೊಳ್ಳಿ" ಎಂದು ಎರಡು ಪೆಟ್ಟಿಗೆಗಳನ್ನು ಮುಂದಿಟ್ಟ. ಅವನು ಪೆಟ್ಟಿಗೆಯ ಮೇಲೆ ಇದ್ದದ್ದನ್ನೇ ಓದಿದ್ದಾನೆ, ತಪ್ಪು ಅವನದಲ್ಲ. ಆದರೆ ಆ ಅಂಕಿ ಸಾಮಾನ್ಯವಾಗಿ ಹೆಡ್‌ಫೋನ್ ಅತ್ಯಂತ ಚೆನ್ನಾಗಿ ಕೆಲಸ ಮಾಡುವ ಒಂದು ಕಂಪನದ ಬಳಿ ಸಿಕ್ಕ ಗರಿಷ್ಠ ಮೌಲ್ಯ. ಉಳಿದ ಸದ್ದುಗಳಲ್ಲಿ ಎಷ್ಟು ತಗ್ಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. 10 ಡೆಸಿಬೆಲ್ ಇಳಿದರೆ ಸದ್ದು ಕಿವಿಗೆ ಅರ್ಧದಷ್ಟಾದಂತೆ ತೋರುತ್ತದೆ, 20 ಇಳಿದರೆ ಸದ್ದಿನ ಶಕ್ತಿ ನೂರರಲ್ಲಿ ಒಂದು ಭಾಗಕ್ಕೆ ಬರುತ್ತದೆ. ಒಂದೇ ಕಂಪನದಲ್ಲಿ ಐವತ್ತು ತಗ್ಗಿಸುವುದಕ್ಕಿಂತ ಇಡೀ ಹರವಿನಲ್ಲಿ ಸಮನಾಗಿ ಇಪ್ಪತ್ತು ತಗ್ಗಿಸುವ ಹೆಡ್‌ಫೋನ್ ಬಳಕೆಯಲ್ಲಿ ಹೆಚ್ಚು ನೆಮ್ಮದಿ ಕೊಡುತ್ತದೆ. ಎರಡು ಬ್ರಾಂಡ್‌ಗಳ ಡೆಸಿಬೆಲ್ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಿಂದ ಪ್ರಯೋಜನವಿಲ್ಲ.

ಮನುಷ್ಯರ ಮಾತಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಹೆಡ್‌ಫೋನ್ ಕೊಳ್ಳುವ ಬಹುತೇಕರಿಗೆ ತೊಂದರೆ ಕೊಡುವುದು ಮಾತೇ. ಪರೀಕ್ಷೆಗೆ ಓದುತ್ತಿರುವ ನನ್ನ ತಂಗಿಯ ಮಗಳು ಯಾವುದನ್ನು ಕೊಳ್ಳಬೇಕೆಂದು ಕೇಳಿದಾಗ ಅವಳ ಬೇಡಿಕೆ ಸ್ಪಷ್ಟವಾಗಿತ್ತು: "ಮಾಮ, ಫ್ಯಾನ್ ಸದ್ದು ಇದ್ರೆ ಇರ್ಲಿ. ಅಜ್ಜಿ ಧಾರಾವಾಹಿ ಕೇಳಿಸ್ಬಾರ್ದು, ಅಷ್ಟೇ." ಅವಳು ಕೇಳಿದ್ದು ಈ ತಂತ್ರಕ್ಕೆ ಅತ್ಯಂತ ಕಷ್ಟವಾದ ಕೆಲಸ. ಮಾತಿನಲ್ಲಿ ದನಿಯ ಬುಡ ತಗ್ಗು ಕಂಪನದಲ್ಲಿದ್ದರೂ, ಯಾವ ಪದ ಆಡಿದರು ಎಂದು ತಿಳಿಸುವ ವ್ಯಂಜನಗಳು ಎರಡು ಸಾವಿರ ಹರ್ಟ್ಜ್‌ನಿಂದ ಮೇಲಕ್ಕೆ ಇರುತ್ತವೆ. ಅಗ್ಗದ ಹೆಡ್‌ಫೋನ್ ದನಿಯ ಬುಡವನ್ನು ಕತ್ತರಿಸಿ ವ್ಯಂಜನಗಳನ್ನು ಒಳಗೆ ಬಿಡುವುದರಿಂದ ಟಿವಿಯ ಮಾತು ತೆಳುವಾಗಿ, ಆದರೆ ಪದಪದವೂ ತಿಳಿಯುವಂತೆ ಬರುತ್ತದೆ; ಓದುವವರಿಗೆ ಇದು ಇನ್ನೂ ಹೆಚ್ಚು ಕಾಟ. ಕ್ಯೂ20ಐ ಹಾಕಿಕೊಂಡು ಪಕ್ಕದ ಕೋಣೆಯ ಸಂಭಾಷಣೆಯನ್ನು ನಾನು ಪೂರ್ತಿ ಅನುಸರಿಸಬಲ್ಲೆ. 720ಎನ್‌ನಲ್ಲಿ ನಡುನಡುವೆ ಪದಗಳು ತಪ್ಪುತ್ತವೆ. ಎಕ್ಸ್ಎಂ5ನಲ್ಲಿ ಯಾರೋ ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಮೂವತ್ತು ಸಾವಿರ ಕೊಟ್ಟರೂ ಮಾತು ಪೂರ್ತಿ ಅಳಿಯುವುದಿಲ್ಲ ಎಂಬುದು ಗಮನದಲ್ಲಿರಲಿ.

ಆದರೂ ಅವಳಿಗೆ ನಾನು ಸೂಚಿಸಿದ್ದು 720ಎನ್. ಅದನ್ನು ಹಾಕಿಕೊಂಡು ಮಳೆ ಸುರಿಯುವ ಸದ್ದನ್ನೋ ಫ್ಯಾನಿನಂಥ ಒಂದೇ ಸಮನಾದ ಸದ್ದನ್ನೋ ಸಣ್ಣ ದನಿಯಲ್ಲಿ ಹಚ್ಚಿಕೊಂಡರೆ, ಒಳನುಸುಳುವ ವ್ಯಂಜನಗಳು ಆ ಸದ್ದಿನ ಹಿಂದೆ ಮರೆಯಾಗುತ್ತವೆ. ದುಬಾರಿಯದು ಮಾಡುವ ಕೆಲಸಕ್ಕೆ ಇದು ಬಹಳ ಹತ್ತಿರ ಬರುತ್ತದೆ, ಇಪ್ಪತ್ತು ಸಾವಿರ ಉಳಿಯುತ್ತದೆ.

ಪ್ರಯಾಣದ ವಿಷಯದಲ್ಲಿ ಅಗ್ಗದ ಹೆಡ್‌ಫೋನ್‌ಗಳ ಬಗ್ಗೆ ನನಗೆ ನಿಜವಾದ ಗೌರವವಿದೆ. ದಾವಣಗೆರೆಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿಲೋಮೀಟರ್. ಬಸ್ಸಿನ ಹಿಂದಿನ ಸೀಟಿನಲ್ಲಿ ಐದಾರು ತಾಸು ಡೀಸೆಲ್ ಎಂಜಿನ್ನಿನ ಪಕ್ಕ ಕುಳಿತವರಿಗೆ ಇಳಿಯುವಾಗ ತಲೆ ಭಾರವಾಗಿರುತ್ತದೆ. ಆ ಗುಂಯ್ಗುಡುವಿಕೆಯನ್ನು ಕ್ಯೂ20ಐ ಕೂಡ ಮೆಚ್ಚುವಂತೆ ತಗ್ಗಿಸುತ್ತದೆ. ತಿಂಗಳಿಗೊಮ್ಮೆ ಊರಿಗೆ ಬಂದುಹೋಗುವ ವಿದ್ಯಾರ್ಥಿಗೆ ಇಷ್ಟೇ ಉಪಯೋಗ ಸಾಕು, ಹೆಚ್ಚಿನದು ಬೇಡ. ಗಾಳಿಯ ವಿಷಯ ಮಾತ್ರ ಬೇರೆ. ಹೊರಗಿನ ಮೈಕಿಗೆ ಗಾಳಿ ಬಡಿದಾಗ ಅಲ್ಲೇ ಹುಟ್ಟುವ ಸುಳಿಸದ್ದನ್ನು ಚಿಪ್ ಹೊರಗಿನ ಗದ್ದಲವೆಂದು ತಿಳಿದು ಅದಕ್ಕೂ ಎದುರಲೆ ಬಿಡುತ್ತದೆ, ಇಲ್ಲದ ಭೋರ್ಗರೆತ ಕಿವಿಯಲ್ಲಿ ಏಳುತ್ತದೆ. ಚಿತ್ರದುರ್ಗದ ಕೋಟೆಯ ಮೇಲುಸುತ್ತಿನಲ್ಲಿ, ಗಾಳಿಯಂತ್ರಗಳನ್ನು ನೆಡುವಷ್ಟು ಗಾಳಿ ಬೀಸುವ ಆ ಬೆಟ್ಟಸಾಲಿನ ಎದುರು ನಿಂತಾಗ, ಮೂರರಲ್ಲೂ ಇದು ಅನುಭವಕ್ಕೆ ಬಂತು. ದುಬಾರಿಯದರಲ್ಲಿ ಕಡಿಮೆ, ಆದರೆ ಇದ್ದೇ ಇತ್ತು. ಅಂಥ ಕಡೆ ಶಬ್ದ ತಗ್ಗಿಸುವ ಸೌಲಭ್ಯವನ್ನು ಆಫ್ ಮಾಡಿಬಿಡುವುದೇ ಸರಿ.

ಇನ್ನು ಕರೆಗಳು. ಮನೆಯಿಂದ ಕೆಲಸ ಮಾಡುವವರಿಗೆ ತಮಗೆ ಏನು ಕೇಳುತ್ತದೆ ಎಂಬುದಕ್ಕಿಂತ, ಆಚೆ ಇರುವವರಿಗೆ ಇಲ್ಲಿಯ ಏನೇನು ಕೇಳುತ್ತದೆ ಎಂಬುದು ದೊಡ್ಡ ಚಿಂತೆ. ಶಬ್ದ ತಗ್ಗಿಸುವ ಸೌಲಭ್ಯ ನಮ್ಮ ಕಿವಿಗೆ ಮಾತ್ರ. ನಮ್ಮ ದನಿಯನ್ನು ಸುತ್ತಲ ಸದ್ದಿನಿಂದ ಬೇರ್ಪಡಿಸುವ ಕೆಲಸ ಬೇರೆಯೇ, ಅಗ್ಗದ ಹೆಡ್‌ಫೋನ್‌ಗಳು ಹಿಂದೆ ಬೀಳುವುದು ಇಲ್ಲಿ. ಎಕ್ಸ್ಎಂ5ನಲ್ಲಿರುವ ಎಂಟು ಮೈಕ್‌ಗಳಲ್ಲಿ ನಾಲ್ಕು ಬಾಯಿಯ ದಿಕ್ಕಿನ ದನಿಯನ್ನು ಹೆಕ್ಕಲು ದುಡಿಯುತ್ತವೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗಲೂ ನನ್ನ ಮಾತು ಆಚೆಗೆ ಅರ್ಥವಾಗುವಂತೆ ಹೋಗುತ್ತದೆಂದು ಸಹೋದ್ಯೋಗಿಗಳು ಹೇಳಿದ್ದಾರೆ. ಅದೇ ಹೊತ್ತಿನಲ್ಲಿ ಕ್ಯೂ20ಐ ಬಳಸಿದರೆ ಮಿಕ್ಸಿ ನಿಲ್ಲುವವರೆಗೆ ನಾನು ಸುಮ್ಮನಿರಬೇಕಾಗುತ್ತದೆ. 720ಎನ್ ಸದ್ದಿಲ್ಲದ ಕೋಣೆಯಲ್ಲಿ ಏನೂ ಕೊರತೆ ಮಾಡದು, ಬೀದಿಯಲ್ಲಿ ತಿಣುಕುತ್ತದೆ.

ಇದಕ್ಕೆ ಸೇರಿದಂತೆ ಒಂದು ತಾಂತ್ರಿಕ ಸಂಗತಿಯನ್ನು ಮಾರುವವರು ಹೇಳುವುದೇ ಇಲ್ಲ. ಲ್ಯಾಪ್‌ಟಾಪಿಗೆ ಬ್ಲೂಟೂತ್ ಮೂಲಕ ಹೆಡ್‌ಫೋನ್ ಜೋಡಿಸಿ ಅದರದೇ ಮೈಕ್ ಬಳಸಿದಾಗ, ಸಾಮಾನ್ಯವಾಗಿ ಸಂಪರ್ಕ ಸಂಗೀತದ ಬಗೆಯಿಂದ ದೂರವಾಣಿಯ ಬಗೆಗೆ ಬದಲಾಗುತ್ತದೆ. ಕೇಳುವ ಧ್ವನಿ ಕೂಡಲೇ ಕಿರಿದಾಗಿ, ಎಡಬಲಗಳ ಭೇದವಿಲ್ಲದೆ, ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಇದು ಬ್ಲೂಟೂತ್‌ನ ಹಳೆಯ ಇಕ್ಕಟ್ಟು, ಮೂವತ್ತು ಸಾವಿರದ ಹೆಡ್‌ಫೋನ್ ಕೂಡ ಇದರಿಂದ ಪಾರಾಗಿಲ್ಲ. ಹೊಸ ಹೆಡ್‌ಫೋನ್ ಕೆಟ್ಟಿದೆಯೆಂದು ಅಂಗಡಿಗೆ ಮರಳಿ ಒಯ್ಯುವವರಲ್ಲಿ ಅನೇಕರ ತೊಂದರೆ ಇದೇ ಇರುತ್ತದೆ. ಸಭೆಯ ತಂತ್ರಾಂಶದಲ್ಲಿ ಮೈಕ್ ಆಗಿ ಲ್ಯಾಪ್‌ಟಾಪಿನ ಮೈಕನ್ನು, ಧ್ವನಿಗೆ ಹೆಡ್‌ಫೋನನ್ನು ಆರಿಸಿಕೊಂಡರೆ ಸರಿಹೋಗುತ್ತದೆ. ಆದರೆ ಆಗ ದುಬಾರಿ ಮೈಕಿಗೆ ಕೊಟ್ಟ ಹಣ ಉಪಯೋಗಕ್ಕೆ ಬಾರದು. ಯಾವುದು ಮುಖ್ಯವೆಂದು ಅವರವರೇ ನಿರ್ಧರಿಸಬೇಕು.

ಏಪ್ರಿಲ್ ತಿಂಗಳಲ್ಲಿ ನಲವತ್ತು ಡಿಗ್ರಿಯ ಸಮೀಪ ಸುಡುವ ಊರಿನಲ್ಲಿ ಕಿವಿಯನ್ನು ಪೂರ್ತಿ ಮುಚ್ಚುವ ವಸ್ತುವಿನ ಬಗ್ಗೆ ಬರೆಯುವಾಗ ಸೆಕೆಯನ್ನು ಬಿಟ್ಟು ಬರೆಯಲಾಗದು. ಮೂರರ ಮೆತ್ತೆಗಳೂ ಕೃತಕ ಚರ್ಮದವು, ಮೂರರಲ್ಲೂ ಕೂಲರ್ ಇಲ್ಲದ ಕೋಣೆಯಲ್ಲಿ ಸ್ವಲ್ಪ ಹೊತ್ತಿಗೇ ಕಿವಿಯ ಸುತ್ತ ಬೆವರು ಕೂಡುತ್ತದೆ. ತೂಕದಲ್ಲಿ ಮಾತ್ರ ಎಕ್ಸ್ಎಂ5ಗಿಂತ 720ಎನ್ ಮೇಲು: 720ಎನ್ 192 ಗ್ರಾಂ, ಎಕ್ಸ್ಎಂ5 250 ಗ್ರಾಂ. 720ಎನ್‌ನ ಪ್ಲಾಸ್ಟಿಕ್ ಕೈಗೆ ಆಟಿಕೆಯಂತೆ ಹಗುರ, ಆದರೆ ತಲೆಯ ಮೇಲೆ ಇಡೀ ಮಧ್ಯಾಹ್ನ ಇಟ್ಟುಕೊಂಡರೂ ಹೊರೆಯೆನಿಸುವುದಿಲ್ಲ. ಎಕ್ಸ್ಎಂ5 ತೂಕ ಹೆಚ್ಚಿದ್ದರೂ ಮೆತ್ತೆಯ ಮೃದುತ್ವದಿಂದ ಆ ಭಾರವನ್ನು ಹಂಚುತ್ತದೆ. ಕನ್ನಡಕ ಹಾಕುವವರು ಒಂದು ವಿಷಯ ನೋಡಿಕೊಳ್ಳಬೇಕು: ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದಲ್ಲಿ ಸಣ್ಣ ಸಂದು ಉಳಿದು, ತಗ್ಗು ಸದ್ದು ಅಲ್ಲಿಂದ ಒಳಬಂದು ಇಡೀ ಲೆಕ್ಕವನ್ನು ಕೆಡಿಸುತ್ತದೆ. ನನ್ನ ದಪ್ಪ ಕಡ್ಡಿಯ ಕನ್ನಡಕದೊಂದಿಗೆ ಮೆತ್ತೆ ಗಟ್ಟಿಯಿರುವ ಕ್ಯೂ20ಐ ಹೆಚ್ಚು ಸೋತಿತು. ಓಲೆ, ಜುಮುಕಿ ಧರಿಸುವವರಿಗೂ ಇದೇ ಮಾತು. ಬಟ್ಟಲು ಆಳವಿಲ್ಲದ ಹೆಡ್‌ಫೋನ್ ಓಲೆಯ ತಿರುಪನ್ನು ಕಿವಿಯ ಹಿಂದಕ್ಕೆ ಒತ್ತುತ್ತದೆ. ನನ್ನ ಹೆಂಡತಿ ಎಕ್ಸ್ಎಂ5 ಒಂದನ್ನೇ ಓಲೆ ತೆಗೆಯದೆ ಹಾಕಿಕೊಳ್ಳಬಲ್ಲಳು.

ಸಂಗೀತದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕ್ಯೂ20ಐ ತಗ್ಗು ಸ್ವರಗಳನ್ನು ಅತಿಯಾಗಿ ಉಬ್ಬಿಸುತ್ತದೆ; ತಬಲದ ಎಡ ಗುಮ್ಮೆಂದು ಹಾಡುಗಾರರ ದನಿಯನ್ನು ಮುಚ್ಚುತ್ತದೆ, ಆ್ಯಪ್‌ನಲ್ಲಿ ಈಕ್ವಲೈಜರ್ ತಿದ್ದಿದರೆ ಸುಧಾರಿಸುತ್ತದೆ. ಸೋನಿಯ ಎರಡೂ ಸಮತೋಲದಲ್ಲಿವೆ, ಎಕ್ಸ್ಎಂ5ನಲ್ಲಿ ತಂಬೂರಿಯ ಎಳೆಗಳು ಬಿಡಿಬಿಡಿಯಾಗಿ ಕೇಳುತ್ತವೆ. ಬ್ಲೂಟೂತ್‌ನಲ್ಲಿ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಸಂಗೀತದ ಮಾಹಿತಿ ಸಾಗಿಸುವ ಎಲ್‌ಡಿಎಸಿ ಎಂಬ ಸೌಲಭ್ಯ ಎಕ್ಸ್ಎಂ5ನಲ್ಲಿದೆ, 720ಎನ್‌ನಲ್ಲಿಲ್ಲ. ಐಫೋನ್ ಇದನ್ನು ಬಳಸುವುದೇ ಇಲ್ಲವಾದ್ದರಿಂದ ಐಫೋನಿನವರು ಇದಕ್ಕಾಗಿ ಹಣ ಕೊಡಬೇಕಿಲ್ಲ. ಬ್ಯಾಟರಿಯಲ್ಲಿ ಶಬ್ದ ತಗ್ಗಿಸುತ್ತಾ ಕ್ಯೂ20ಐ 40 ತಾಸು, 720ಎನ್ 35, ಎಕ್ಸ್ಎಂ5 30 ತಾಸು ಬಾಳುತ್ತವೆಂದು ಕಂಪನಿಗಳು ಹೇಳುತ್ತವೆ. ಕರೆಂಟ್ ಹೋದ ದಿನವೂ ಯಾವುದೂ ಕೈಕೊಡುವುದಿಲ್ಲ.

ಬೆಲೆಯ ಯಾವ ಮೆಟ್ಟಿಲಿನಲ್ಲೂ ಸಿಗುವ ಲಾಭವೊಂದಿದೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಸುತ್ತಲ ಸದ್ದು ತಗ್ಗಿದಾಗ ಅದನ್ನು ಮೀರಿಸಲು ದನಿ ಏರಿಸಬೇಕಾಗಿಲ್ಲ. ದೊಡ್ಡವರು ವಾರಕ್ಕೆ 40 ತಾಸು ಕೇಳುವುದಾದರೆ 80 ಡೆಸಿಬೆಲ್ ಮೀರಬಾರದು, ಮಕ್ಕಳಿಗೆ 75 ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸ್ಸಿನಲ್ಲಿ ಸಾಧಾರಣ ಇಯರ್‌ಫೋನ್ ಹಾಕಿ ಕೇಳುವ ಹುಡುಗರ ದನಿ ಪಕ್ಕದವರಿಗೂ ಕೇಳುವಷ್ಟಿರುತ್ತದೆ. ಅಷ್ಟು ದನಿಯಲ್ಲಿ ವರ್ಷಗಟ್ಟಲೆ ಕೇಳಿದ ಕಿವಿ ಮರಳಿ ಬರುವುದಿಲ್ಲ. ಮಕ್ಕಳಿಗೆ ಕ್ಯೂ20ಐಯಂಥದ್ದನ್ನು ಕೊಡಿಸುವುದಕ್ಕೆ ಈ ಒಂದೇ ಕಾರಣ ಸಾಕು. ರೈಲ್ವೆ ಗೇಟಿನ ಬಳಿ, ಸೈಕಲ್ ಮೇಲೆ, ರಸ್ತೆ ದಾಟುವಾಗ ಇವು ಕೊರಳಲ್ಲಿರಬೇಕು, ಕಿವಿಯ ಮೇಲಲ್ಲ ಎಂಬುದನ್ನೂ ಜೊತೆಗೇ ಹೇಳಿಕೊಡಬೇಕು.

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು? ಬಸ್ಸು, ರೈಲು, ಹಾಸ್ಟೆಲ್ಲಿನ ಫ್ಯಾನು ಇಷ್ಟೇ ತೊಂದರೆಯಾದರೆ ಐದು ಸಾವಿರಕ್ಕಿಂತ ಹೆಚ್ಚು ಖರ್ಚು ಮಾಡುವುದು ವ್ಯರ್ಥ. ಮನೆಯಲ್ಲಿ ಓದುವವರಿಗೆ, ದಿನಕ್ಕೆ ಒಂದೆರಡು ಕರೆ ಮಾಡುವವರಿಗೆ, ಕನ್ನಡಕದವರಿಗೆ 720ಎನ್ ನನ್ನ ಶಿಫಾರಸು. ಬೆಲೆಗೆ ತಕ್ಕ ಪ್ರತಿಫಲ ಈ ಮೂರರಲ್ಲಿ ಇದರಲ್ಲೇ ಹೆಚ್ಚು. ಗದ್ದಲದ ಮನೆಯಿಂದ ದಿನವಿಡೀ ಫೋನಿನಲ್ಲಿ ಮಾತಾಡಿ ಸಂಬಳ ತರುವವರು ಎಕ್ಸ್ಎಂ5 ದರ್ಜೆಯದನ್ನು ಹಿಂಜರಿಯದೆ ಕೊಳ್ಳಬಹುದು. ಸಂಗೀತಕ್ಕಾಗಿ ಮಾತ್ರ ಅಷ್ಟು ಹಣ ಹಾಕುವವರಿಗೆ, ಅದೇ ಬೆಲೆಗೆ ಇನ್ನೂ ಚೆನ್ನಾಗಿ ಹಾಡುವ ವೈರ್ ಇರುವ ಹೆಡ್‌ಫೋನ್‌ಗಳಿವೆ ಎಂದು ಹೇಳುವೆ.

ಕೊಳ್ಳುವಾಗ "ಫಸ್ಟ್ ಕಾಪಿ" ಎಂದು ಎರಡು ಮೂರು ಸಾವಿರಕ್ಕೆ ಕೊಡುವ ನಕಲಿ ದುಬಾರಿ ಮಾದರಿಗಳನ್ನು ಮುಟ್ಟಬೇಡಿ. ಹೊರರೂಪ ಅದೇ ಇದ್ದರೂ ಒಳಗೆ ಶಬ್ದ ತಗ್ಗಿಸುವ ಚಿಪ್ ಇರುತ್ತದೆಂಬ ಖಾತ್ರಿಯಿಲ್ಲ. ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಅಲ್ಲೇ ನಿಂತು ಪರಿಶೀಲಿಸಬಹುದು. ಜಿಎಸ್‌ಟಿ ಬಿಲ್ ಪಡೆಯಿರಿ, ವಾರಂಟಿಯಲ್ಲಿ ರಿಪೇರಿ ಇದೇ ಊರಿನಲ್ಲಿ ಆಗುತ್ತದೆಯೋ ಬೆಂಗಳೂರಿಗೆ ಕಳುಹಿಸಬೇಕೋ ಎಂದು ಹಣ ಕೊಡುವ ಮೊದಲೇ ಕೇಳಿ. ಅಂಗಡಿಯಲ್ಲಿ ಹಾಕಿ ನೋಡಲು ಬಿಟ್ಟರೆ ಹಾಡು ಹಚ್ಚಬೇಡಿ. ಬಾಗಿಲ ಬಳಿ ನಿಂತು, ಶಬ್ದ ತಗ್ಗಿಸುವ ಗುಂಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಆಫ್ ಮಾಡಿ, ನಿಮ್ಮ ಕನ್ನಡಕವೋ ಓಲೆಯೋ ಇದ್ದಂತೆಯೇ ಬೀದಿಯ ಸದ್ದನ್ನು ಕೇಳಿ. ಆಮೇಲೆ ಜೊತೆಗೆ ಬಂದವರಿಗೆ ಅದೇ ಹೆಡ್‌ಫೋನಿನಿಂದ ಕರೆ ಮಾಡಿ, ರಸ್ತೆಯಾಚೆ ನಿಂತು ಅವರಿಗೆ ಏನು ಕೇಳಿಸಿತೆಂದು ವಿಚಾರಿಸಿ.